ಕೂಡುವ ಮೊದಲು ಕಳೆ

ಅವಕೆಂಪು ಚಿತ್ರಗಳನ್ನು ಟರ್ಮಿನಲ್‌ನಲ್ಲಿ ಜೋಡಿಸುತ್ತ ಕಲಿತ ಹನ್ನೆರಡು ಪಾಠಗಳು

ಮೊದಲ ಸಲ ಅವಕೆಂಪು ದೂರದರ್ಶಕದ ಕಚ್ಚಾ ಫೈಲೊಂದನ್ನು ಡಿಎಸ್‌9 ಎಂಬ ಚಿತ್ರ ನೋಡುವ ತಂತ್ರಾಂಶದಲ್ಲಿ ತೆರೆದಾಗ ನನಗೆ ಕಂಡದ್ದು ಮಳೆಗಾಲದಲ್ಲಿ ತೇವ ಹಿಡಿದ ಸುಣ್ಣದ ಗೋಡೆ. ಮೂಲೆಯಲ್ಲೊಂದು ಕಲೆ, ನಡುವೆ ಒಂದು ಗೆರೆ, ಅಲ್ಲಲ್ಲಿ ಬಿಳಿ ಚುಕ್ಕೆಗಳು. ಚುಕ್ಕೆಗಳೆಲ್ಲ ನಕ್ಷತ್ರಗಳೆಂದು ಹಿಗ್ಗಿದೆ. ಮುಂದಿನ ಫೈಲ್ ತೆರೆದೆ. ದೂರದರ್ಶಕ ಪಕ್ಕಕ್ಕೆ ಸರಿದಿತ್ತು, ಚುಕ್ಕೆಗಳು ಮಾತ್ರ ಇದ್ದಲ್ಲೇ ಇದ್ದವು. ಅವು ಕೆಟ್ಟುಹೋದ ಪಿಕ್ಸೆಲ್‌ಗಳು.

“ಫೋಟೊ ತೆಗೆದಾಯ್ತಲ್ಲ, ಇನ್ನು ಮೂರು ತಿಂಗಳು ಏನು ಮಾಡ್ತೀಯ?” ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಳು. “ಎಲ್ಲಾ ಕೂಡಿಸಿ ಒಂದು ಚಿತ್ರ ಮಾಡ್ಬೇಕಮ್ಮ” ಅಂದಿದ್ದೆ. ನಿಜ ಹೇಳಬೇಕೆಂದರೆ ಆ ಮೂರು ತಿಂಗಳಲ್ಲಿ ಕೂಡಿಸಿದ್ದು ಒಂದೇ ಒಂದು ಮಧ್ಯಾಹ್ನ. ಉಳಿದ ದಿನಗಳೆಲ್ಲ ಕಳೆಯುವುದರಲ್ಲೇ ಕಳೆದುಹೋದವು. ನಮ್ಮ ಭಾಷೆಯಲ್ಲಿ ‘ಕಳೆ’ ಎಂದರೆ ಲೆಕ್ಕದಲ್ಲಿ ವ್ಯವಕಲನ, ಹೊಲದಲ್ಲಿ ಬೇಡದ ಗಿಡ, ಮುಖದಲ್ಲಿ ಕಾಂತಿ. ಈ ಕೆಲಸದಲ್ಲಿ ಮೂರೂ ಒಂದೇ ಸಾಲಿಗೆ ಬರುತ್ತವೆ: ಕಳೆಯನ್ನು ಕಳೆದರೆ ಚಿತ್ರಕ್ಕೆ ಕಳೆ ಬರುತ್ತದೆ.

ನಾನು ಹೆಚ್ಚು ಬಳಸಿದ್ದು ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕದ ಡೇಟಾ. ನಡೆಸುವವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ವೀಕ್ಷಕರು ಲಡಾಖ್‌ಗೆ ಹೋಗಬೇಕಾಗಿಲ್ಲ, ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುತ್ತಾರೆ. 2013ರಲ್ಲಿ ಅದಕ್ಕೆ ಟಿರ್‌ಸ್ಪೆಕ್ ಎಂಬ ಉಪಕರಣವನ್ನು ಅಳವಡಿಸಿದರು. 1 ಮೈಕ್ರಾನ್‌ನಿಂದ 2.5 ಮೈಕ್ರಾನ್‌ವರೆಗಿನ ಬೆಳಕನ್ನು ನೋಡುವ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಉಪಕರಣ ಅದು. ಡಿಟೆಕ್ಟರಿನಲ್ಲಿ 1024 ಸಾಲು, 1024 ಕಂಬ. ಒಂದು ಪಿಕ್ಸೆಲ್ ಎಂದರೆ 0.3 ಆರ್ಕ್‌ಸೆಕೆಂಡ್. ಇಡೀ ಚೌಕಟ್ಟು ಹುಣ್ಣಿಮೆ ಚಂದ್ರನ ಅಗಲದ ಆರನೇ ಒಂದು ಪಾಲು.

ನನ್ನ ಗುರಿ ಮಹಾವ್ಯಾಧದ ಸೊಂಟಪಟ್ಟಿಯ ಪಕ್ಕದಲ್ಲಿರುವ ಜ್ವಾಲಾ ನೀಹಾರಿಕೆ, ಪಟ್ಟಿಯಲ್ಲಿನ ಹೆಸರು ಎನ್‌ಜಿಸಿ 2024. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ನಡುವೆ ಒಂದು ಕಪ್ಪು ದೂಳಿನ ಪಟ್ಟೆ. ಆ ಪಟ್ಟೆಯ ಹಿಂದೆ ಈಗಷ್ಟೇ ಹುಟ್ಟಿದ ನಕ್ಷತ್ರಗಳ ಗುಂಪೊಂದು ಅಡಗಿದೆ. ಕಣ್ಣಿನ ಬೆಳಕನ್ನು ಹತ್ತು ಸಾವಿರ ಪಟ್ಟು ಕುಗ್ಗಿಸುವ ದೂಳು 2.2 ಮೈಕ್ರಾನ್‌ನ ಕೆ ಪಟ್ಟಿಯ ಬೆಳಕನ್ನು ಮೂರು ಪಟ್ಟೂ ಕುಗ್ಗಿಸುವುದಿಲ್ಲ. ಅವಕೆಂಪಿಗೆ ನಾವು ಇಷ್ಟು ಕಷ್ಟಪಡುವುದು ಇದಕ್ಕಾಗಿಯೇ.

1. ಆಕಾಶ ಕತ್ತಲೆ ಎಂದು ನಂಬಬೇಡಿ

ಅವಕೆಂಪಿನಲ್ಲಿ ರಾತ್ರಿ ಎಂಬುದೇ ಅರ್ಧ ಸುಳ್ಳು. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿರುವ ಹೈಡ್ರಾಕ್ಸಿಲ್ ಅಣುಗಳು ರಾತ್ರಿಯಿಡೀ ಮಿನುಗುತ್ತವೆ. ಅವಕೆಂಪಿನ ಇನ್ನೆರಡು ಪಟ್ಟಿಗಳಾದ ಜೆ ಮತ್ತು ಎಚ್‌ಗಳಲ್ಲಿ ಆಕಾಶ ಬೆಳಗುವುದು ಹೆಚ್ಚಾಗಿ ಇದರಿಂದ. ಈ ಮಿನುಗು ಒಂದೇ ಸಮನಾಗಿರದೆ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಕೆ ಪಟ್ಟಿಗೆ ಬಂದರೆ ಗಾಳಿಯ ಶಾಖ, ಕನ್ನಡಿಯ ಶಾಖ, ದೂರದರ್ಶಕದ ಉಕ್ಕಿನ ಶಾಖ ಎಲ್ಲವೂ ಬೆಳಕಾಗಿ ಒಳಗೆ ಸುರಿಯುತ್ತವೆ. ಚಳಿಗಾಲದ ರಾತ್ರಿಗಳಲ್ಲಿ ಮೈನಸ್ 20 ಡಿಗ್ರಿಗೂ ಇಳಿಯುವ ಹಾನ್ಲೆಯ ಕೊರೆತ ಮನುಷ್ಯರಿಗೆ ಶಾಪ, ಕೆ ಪಟ್ಟಿಗೆ ವರ.

ಲೆಕ್ಕವನ್ನು ಮದುವೆ ಮನೆಯ ಮುಯ್ಯಿ ಲಕೋಟೆಯಂತೆ ನೋಡಿ. ಕೆ ಪಟ್ಟಿಯಲ್ಲಿ ಒಂದು ಚದರ ಆರ್ಕ್‌ಸೆಕೆಂಡ್ ಆಕಾಶ ಸುಮಾರು 13ನೇ ಕಾಂತಿಮಾನದ ನಕ್ಷತ್ರದಷ್ಟು ಬೆಳಗುತ್ತದೆ. ನಾನು ಹುಡುಕುವ ನಕ್ಷತ್ರ 18ನೇ ಕಾಂತಿಮಾನದ್ದು. ಕಾಂತಿಮಾನದ ಅಂಕಿ ಏರಿದಷ್ಟೂ ಬೆಳಕು ಮಂಕು, ಐದು ಕಾಂತಿಮಾನದ ಅಂತರವೆಂದರೆ ನೂರು ಪಟ್ಟು. ಲಕೋಟೆಯಲ್ಲಿ ನೂರಾ ಒಂದು ರೂಪಾಯಿ ಇದೆ, ಅದರಲ್ಲಿ ನೂರು ಆಕಾಶದ್ದು, ನನ್ನದು ಆ ಒಂದೇ ರೂಪಾಯಿ. ಆಕಾಶವನ್ನು ಅಳೆಯುವಾಗ ನೂರಕ್ಕೆ ಒಂದರಷ್ಟು ತಪ್ಪಿದರೂ ನನ್ನ ರೂಪಾಯಿ ಹೋಯಿತು. ಮುಂದಿನ ಪಾಠಗಳೆಲ್ಲ ಈ ಒಂದು ರೂಪಾಯಿಯ ಕಾವಲು.

2. ಸರಿದು ಸರಿದು ನೋಡಿ, ಆದರೆ ಒಂದೇ ಅಳತೆಯ ಹೆಜ್ಜೆ ಇಡಬೇಡಿ

ಆಕಾಶ ಇಷ್ಟು ಬೆಳಗುವುದರಿಂದ ಒಂದೇ ಉದ್ದನೆಯ ಎಕ್ಸ್‌ಪೋಶರ್ ಕೊಡುವಂತಿಲ್ಲ, ಡಿಟೆಕ್ಟರ್ ತುಂಬಿ ತುಳುಕುತ್ತದೆ. ಹಾಗಾಗಿ ಹತ್ತು ಇಪ್ಪತ್ತು ಸೆಕೆಂಡಿನ ಹಲವು ಫ್ರೇಮ್‌ಗಳನ್ನು ತೆಗೆಯುತ್ತೇವೆ. ಪ್ರತಿ ಫ್ರೇಮಿಗೂ ದೂರದರ್ಶಕವನ್ನು ತುಸು ಸರಿಸುತ್ತೇವೆ, ನಮ್ಮ ಮಾತಿನಲ್ಲಿ ‘ಡಿದರ್’ ಮಾಡುತ್ತೇವೆ. ಆಗ ನಕ್ಷತ್ರಗಳು ಡಿಟೆಕ್ಟರಿನ ಮೇಲೆ ಜಾಗ ಬದಲಿಸುತ್ತವೆ, ಕೆಟ್ಟ ಪಿಕ್ಸೆಲ್ ಬದಲಿಸುವುದಿಲ್ಲ. ಕಳ್ಳ ಯಾರು, ಮನೆಯವ ಯಾರು ಎಂದು ಗುರುತಿಸುವ ದಾರಿ ಇದು.

ಸಾಲು ನೀಟಾಗಿರಲಿ ಎಂದು ನಾನೊಮ್ಮೆ ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿಸಿದೆ. ಎಲ್ಲ ಕೂಡಿಸಿದ ಮೇಲೆ ಪ್ರಕಾಶಮಾನ ನಕ್ಷತ್ರವೊಂದರ ಪಕ್ಕದಲ್ಲಿ ಮಂಕಾದ ಒಂದು ಜೊತೆಗಾರ ಕಂಡಿತು. ಯಾವ ಪಟ್ಟಿಯಲ್ಲೂ ಇಲ್ಲದ ನಕ್ಷತ್ರ! ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ನೋಡಿದರೆ ಅದೇ ಚೌಕಟ್ಟಿನ ಇನ್ನೊಂದು ಪ್ರಕಾಶಮಾನ ನಕ್ಷತ್ರಕ್ಕೂ ಅದೇ ದಿಕ್ಕಿನಲ್ಲಿ, ಅದೇ ದೂರದಲ್ಲಿ ಜೊತೆಗಾರ. ಆ ದೂರ ನನ್ನ ಡಿದರ್ ಹೆಜ್ಜೆಯಷ್ಟೇ ಇತ್ತು.

ಈ ಜಾತಿಯ ಡಿಟೆಕ್ಟರ್‌ಗಳಿಗೆ ನೆನಪಿನ ರೋಗವಿದೆ. ಪ್ರಖರ ನಕ್ಷತ್ರ ಕುಳಿತೆದ್ದ ಜಾಗದಲ್ಲಿ ಮುಂದಿನ ಫ್ರೇಮಿನಲ್ಲೂ ಅದರ ಮಸುಕು ನೆರಳು ಉಳಿಯುತ್ತದೆ. ಹೆಜ್ಜೆಗಳು ಏರುಪೇರಾಗಿದ್ದರೆ ನೆರಳು ಪ್ರತಿ ಸಲವೂ ಬೇರೆ ಕಡೆ ಬಿದ್ದು, ಕೂಡಿಸುವಾಗ ಅಳಿಸಿಹೋಗುತ್ತದೆ. ಎಲ್ಲ ಹೆಜ್ಜೆಯೂ ಒಂದೇ ಆಗಿದ್ದರೆ ನೆರಳು ನಕ್ಷತ್ರದಿಂದ ಸದಾ ಅಷ್ಟೇ ದೂರದಲ್ಲಿರುತ್ತದೆ. ಆಗ ಅದೂ ನಕ್ಷತ್ರದ ವೇಷ ಹಾಕಿ ಕುಳಿತುಬಿಡುತ್ತದೆ. ಅಂದಿನಿಂದ ನನ್ನ ಡಿದರ್ ಪಟ್ಟಿ ಕುಡುಕನ ನಡಿಗೆಯಂತಿದೆ.

3. ನೀಹಾರಿಕೆ ತುಂಬಿದ್ದರೆ ಆಕಾಶವನ್ನು ಬೇರೆಡೆ ಹುಡುಕಿ

ವಿರಳ ನಕ್ಷತ್ರಗಳ ಮೈದಾನವಾದರೆ ಡಿದರ್ ಮಾಡಿದ ಫ್ರೇಮ್‌ಗಳಿಂದಲೇ ಆಕಾಶವನ್ನು ತೆಗೆಯಬಹುದು. ಒಂದೊಂದು ಪಿಕ್ಸೆಲ್‌ಗೂ ಎಲ್ಲ ಫ್ರೇಮ್‌ಗಳ ಮಧ್ಯಾಂಕ ತೆಗೆದುಕೊಂಡರೆ, ಬಂದುಹೋಗುವ ನಕ್ಷತ್ರಗಳು ಬಿದ್ದುಹೋಗಿ ಆಕಾಶ ಉಳಿಯುತ್ತದೆ. ಆದರೆ ಜ್ವಾಲಾ ನೀಹಾರಿಕೆ ಐದು ಆರ್ಕ್‌ಮಿನಿಟಿನ ನನ್ನ ಚೌಕಟ್ಟನ್ನು ತುಂಬಿ ಹೊರಗೂ ಚೆಲ್ಲಿತ್ತು. ಎಷ್ಟು ಸರಿಸಿದರೂ ಎಲ್ಲ ಫ್ರೇಮಿನಲ್ಲೂ ನೀಹಾರಿಕೆಯೇ. ಅಂಥದ್ದರ ಮಧ್ಯಾಂಕವನ್ನು ಆಕಾಶವೆಂದು ಕಳೆದರೆ ನೀಹಾರಿಕೆಯಿಂದ ನೀಹಾರಿಕೆಯನ್ನೇ ಕಳೆದಂತೆ.

ಇದಕ್ಕೆ ಮದ್ದು ದುಬಾರಿ. ದೂರದರ್ಶಕವನ್ನು ನೀಹಾರಿಕೆಯಿಂದ ದೂರದ ಖಾಲಿ ಜಾಗಕ್ಕೆ ಒಯ್ದು ಅಲ್ಲಿಯೂ ಅಷ್ಟೇ ಫ್ರೇಮ್ ತೆಗೆಯಬೇಕು, ಮತ್ತೆ ಹಿಂದಿರುಗಬೇಕು. ರಾತ್ರಿಯ ಅರ್ಧ ಭಾಗ ಏನೂ ಇಲ್ಲದ ಜಾಗವನ್ನು ನೋಡುವುದರಲ್ಲೇ ಹೋಗುತ್ತದೆ. ಹೊಸಬರಿಗೆ ಇದು ವ್ಯರ್ಥ ಅನಿಸುತ್ತದೆ, ನನಗೂ ಅನಿಸಿತ್ತು. ಸಮಯ ಉಳಿಸಲು ಖಾಲಿ ಆಕಾಶವನ್ನು ಗಂಟೆಗೊಮ್ಮೆ ಮಾತ್ರ ತೆಗೆದೆ. ಅಷ್ಟರಲ್ಲಿ ಹೈಡ್ರಾಕ್ಸಿಲ್ ಮಿನುಗು ಎಷ್ಟೋ ಸಲ ಬದಲಾಗಿತ್ತು. ಆ ರಾತ್ರಿಯ ಎಚ್ ಪಟ್ಟಿ ಇಂದಿಗೂ ನನ್ನ ಹಾರ್ಡ್ ಡಿಸ್ಕಿನಲ್ಲಿ ಹಾಗೆಯೇ ಮಲಗಿದೆ.

4. ಡಾರ್ಕ್, ಫ್ಲ್ಯಾಟ್: ಬೇಸರದ ಕೆಲಸವನ್ನು ಮೊದಲು ಮುಗಿಸಿ

ಇದನ್ನು ಚುಟುಕಾಗಿ ಹೇಳುತ್ತೇನೆ. ಡಾರ್ಕ್ ಎಂದರೆ ಬೆಳಕು ಬೀಳದಂತೆ ತೆಗೆದ ಫ್ರೇಮ್, ಫ್ಲ್ಯಾಟ್ ಎಂದರೆ ಸಮನಾದ ಬೆಳಕು ಬೀಳಿಸಿ ತೆಗೆದದ್ದು. ಡಾರ್ಕ್ ಫ್ರೇಮಿನ ಅವಧಿ ನಿಮ್ಮ ಎಕ್ಸ್‌ಪೋಶರಿನ ಅವಧಿಯೇ ಆಗಿರಬೇಕು. ದೂರದರ್ಶಕದ ಗೋಪುರದೊಳಗೆ ಫ್ಲ್ಯಾಟ್ ತೆಗೆಯುವುದಾದರೆ ದೀಪ ಹಚ್ಚಿ ಒಂದು ಸರಣಿ, ದೀಪ ಆರಿಸಿ ಒಂದು ಸರಣಿ ತೆಗೆದು ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಇಲ್ಲವಾದರೆ ಕೆ ಪಟ್ಟಿಯಲ್ಲಿ ಗೋಪುರದ ಶಾಖವೂ ಫ್ಲ್ಯಾಟಿನೊಳಗೆ ಸೇರುತ್ತದೆ. ಲೆಕ್ಕವನ್ನು ದಶಾಂಶ ಸಂಖ್ಯೆಗಳಲ್ಲೇ ಇಡಿ. ಹದಿನಾರು ಬಿಟ್‌ನ ಪೂರ್ಣಾಂಕದಲ್ಲಿ ಇಟ್ಟರೆ ಮೊತ್ತ 32,767 ದಾಟಿದಲ್ಲಿ ಅನರ್ಥವಾಗುತ್ತದೆ.

ಇನ್ನೊಂದು ಮಾತು. ಚಿತ್ರದಲ್ಲಿ ಎಲ್ಲಕ್ಕಿಂತ ಪ್ರಖರವಾದ ನಕ್ಷತ್ರದ ನಟ್ಟನಡುವೆ ಕಪ್ಪು ಚುಕ್ಕೆ ಕಂಡರೆ ಗಾಬರಿ ಬೇಡ. ಡಿಟೆಕ್ಟರನ್ನು ಅಳಿಸದೆ ಎರಡು ಸಲ ಓದಿ ವ್ಯತ್ಯಾಸ ತೆಗೆಯುವ ಕ್ರಮದಲ್ಲಿ, ಮೊದಲ ಓದಿಗೇ ತುಂಬಿಹೋದ ಪಿಕ್ಸೆಲ್‌ಗಳ ವ್ಯತ್ಯಾಸ ಸೊನ್ನೆಯಾಗುತ್ತದೆ. ಅಂಥ ನಕ್ಷತ್ರಗಳನ್ನು ಅಳತೆಗೆ ಬಳಸಬೇಡಿ.

5. ಫೈಲುಗಳ ಪಟ್ಟಿಯನ್ನು ಕಣ್ಣಾರೆ ಓದಿ

ಟರ್ಮಿನಲ್ ಕೆಲಸದಲ್ಲಿ ಎಲ್ಲವೂ ಪಟ್ಟಿಗಳ ಮೇಲೆ ನಡೆಯುತ್ತದೆ. ಫೈಲುಗಳ ಹೆಸರನ್ನು ಒಂದು ಪಠ್ಯ ಕಡತಕ್ಕೆ ಬರೆದು, ಐರಾಫ್ ಎಂಬ ಖಗೋಳ ತಂತ್ರಾಂಶಕ್ಕೆ ಹೆಸರಿನ ಮುಂದೆ ‘ಆ್ಯಟ್’ ಚಿಹ್ನೆ ಹಾಕಿ ಕೊಟ್ಟರೆ ಸಾಕು, ನೂರು ಫ್ರೇಮನ್ನು ಒಂದೇ ಉಸಿರಿನಲ್ಲಿ ನುಂಗುತ್ತದೆ. ನುಂಗುವ ಮುಂಚೆ ಕೇಳುವುದಿಲ್ಲ, ಅದೇ ತೊಂದರೆ.

ನನ್ನ ಫ್ರೇಮ್‌ಗಳಿಗೆ 1ರಿಂದ 40ರವರೆಗೆ ಸಂಖ್ಯೆ ಕೊಟ್ಟಿದ್ದೆ. ‘ಎಲ್‌ಎಸ್’ ಕಮ್ಯಾಂಡಿಗೆ ಸಂಖ್ಯೆಯ ಜ್ಞಾನವಿಲ್ಲ, ಅಕ್ಷರದ ಜ್ಞಾನ ಮಾತ್ರ. ಅದರ ಪಟ್ಟಿಯಲ್ಲಿ 1 ಆದ ಮೇಲೆ 10, ಆಮೇಲೆ 11, ಹೀಗೆ 19 ಮುಗಿದ ಮೇಲೆ 2 ಬರುತ್ತದೆ. ಆಕಾಶದ ಫ್ರೇಮ್‌ಗಳಿಗೆ ಎರಡಂಕಿಯ ಹೆಸರು ಕೊಟ್ಟಿದ್ದರಿಂದ ಅವು ಸರಿಯಾದ ಸಾಲಿನಲ್ಲಿದ್ದವು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಕಳೆದಾಗ ಎರಡನೆಯ ಫ್ರೇಮಿಗೆ ಸಿಕ್ಕಿದ್ದು ಸುಮಾರು ಕಾಲು ಗಂಟೆಯ ನಂತರದ ಆಕಾಶ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ. ದೋಷ ಡಿಟೆಕ್ಟರಿನದ್ದೆಂದು ವಾರಗಟ್ಟಲೆ ಬೈದುಕೊಂಡೆ.

ಈಗ ಹೆಸರಿಡುವಾಗಲೇ 0001, 0002 ಎಂದು ಸೊನ್ನೆ ತುಂಬುತ್ತೇನೆ. ಯಾವ ಫ್ರೇಮಿಗೆ ಯಾವ ಆಕಾಶ ಎಂಬುದನ್ನು ಹೆಸರಿನಿಂದ ತೀರ್ಮಾನಿಸದೆ ಫೈಲಿನ ತಲೆಬರಹವಾದ ಹೆಡರಿನಲ್ಲಿರುವ ಸಮಯದಿಂದ ತೀರ್ಮಾನಿಸುತ್ತೇನೆ. ಹೆಡರಿನ ಸಮಯ ಜಾಗತಿಕ ಸಮಯ ಎಂಬುದು ನೆನಪಿರಲಿ. ನಮ್ಮ ಗಡಿಯಾರದಲ್ಲಿ ನಡುರಾತ್ರಿಗೆ ತಾರೀಕು ಬದಲಾದರೆ ಹೆಡರಿನಲ್ಲಿ ಬದಲಾಗುವುದು ಬೆಳಗಿನ ಐದೂವರೆಗೆ. ಫೋಲ್ಡರಿಗೆ ಒಂದು ಲೆಕ್ಕದ ತಾರೀಕು, ಫೈಲಿಗೆ ಇನ್ನೊಂದು ಲೆಕ್ಕದ ತಾರೀಕು ಕೊಟ್ಟರೆ ಒಂದೇ ರಾತ್ರಿ ಎರಡು ರಾತ್ರಿಯಾಗುತ್ತದೆ.

6. ಆಕಾಶವನ್ನು ಎರಡು ಸಲ ಅಳೆಯಿರಿ

ಮಧ್ಯಾಂಕ ಜಾಣನೇ ಹೊರತು ಸರ್ವಜ್ಞನಲ್ಲ. ನಕ್ಷತ್ರದ ನಡುಭಾಗವನ್ನು ಅದು ಎಸೆಯುತ್ತದೆ, ಸುತ್ತ ಹರಡಿದ ತೆಳು ಪ್ರಭೆಯ ಅಲ್ಪಾಂಶ ಆಕಾಶದ ಫ್ರೇಮಿನಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಕಳೆದಾಗ ಪ್ರತಿ ನಕ್ಷತ್ರದ ಸುತ್ತಮುತ್ತ ಕಪ್ಪು ಗುಳಿಗಳು ಬೀಳುತ್ತವೆ. ನೂರಾ ಒಂದು ರೂಪಾಯಿಯ ಲೆಕ್ಕ ನೆನಪಿದೆಯಲ್ಲ, ಆ ಗುಳಿ ನಮ್ಮ ರೂಪಾಯಿಯ ನಾಲ್ಕಾಣೆಯನ್ನು ತಿನ್ನಲು ಸಾಕು.

ಹಾಗಾಗಿ ಮೊದಲ ಸುತ್ತಿನಲ್ಲಿ ಒರಟಾಗಿ ಕಳೆದು, ಒರಟಾಗಿ ಕೂಡಿಸಿ. ಆ ಒರಟು ಚಿತ್ರದಲ್ಲಿ ಕಂಡ ಎಲ್ಲ ನಕ್ಷತ್ರಗಳಿಗೂ ಮಾಸ್ಕ್, ಅಂದರೆ ಲೆಕ್ಕದಿಂದ ಮರೆಮಾಡುವ ಮುಚ್ಚಳ, ಮಾಡಿ, ಒಂದೊಂದು ಬಿಡಿ ಫ್ರೇಮಿನಲ್ಲಿ ಕಾಣದಷ್ಟು ಮಂಕಾದವಕ್ಕೂ ಸೇರಿಸಿ. ಮಾಸ್ಕನ್ನು ತುಸು ದೊಡ್ಡದಾಗಿಯೇ ಬೆಳೆಸಿ. ನಂತರ ಮೂಲ ಫ್ರೇಮ್‌ಗಳಿಗೆ ಹಿಂದಿರುಗಿ, ಮಾಸ್ಕಿನ ಹೊರಗಿನ ಪಿಕ್ಸೆಲ್‌ಗಳಿಂದ ಮಾತ್ರ ಆಕಾಶವನ್ನು ಮತ್ತೆ ತೆಗೆಯಿರಿ. ಐರಾಫ್‌ಗೆ ಸೇರಿಸಬಹುದಾದ ಡಿಮ್‌ಸಮ್ ಎಂಬ ಕಂತೆ ಈ ಎರಡು ಸುತ್ತಿನ ಕೆಲಸಕ್ಕೆಂದೇ ಹುಟ್ಟಿದ್ದು. ಹೆಸರು ತಿಂಡಿಯದ್ದಾದರೂ ಅರ್ಥ ‘ಆಳವಾದ ಅವಕೆಂಪು ಜೋಡಣೆಯ ತಂತ್ರಾಂಶ’ ಎಂದು.

7. ವಿಳಾಸ ಸರಿಯಾದ ಮೇಲೆಯೇ ಕೂಡಿಸಿ

ಪ್ರತಿ ಫ್ರೇಮಿನ ಪ್ರತಿ ಪಿಕ್ಸೆಲ್ ಆಕಾಶದ ಯಾವ ಬಿಂದು ಎಂಬ ವಿಳಾಸ ಹೆಡರಿನಲ್ಲಿ ಇರಬೇಕು. ದೂರದರ್ಶಕ ತಾನಾಗಿ ಬರೆಯುವ ವಿಳಾಸ ಅಂದಾಜಿನದ್ದು, ಬೀದಿ ಸರಿ, ಮನೆ ನಂಬರ್ ತಪ್ಪು ಎನ್ನುವಂಥದ್ದು. ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್ ಎಂಬ ತಂತ್ರಾಂಶದಿಂದ ನಕ್ಷತ್ರಗಳ ಪಟ್ಟಿ ಮಾಡಿ, ಸ್ಕ್ಯಾಂಪ್ ಎಂಬ ಇನ್ನೊಂದಕ್ಕೆ ಕೊಟ್ಟು, ಪ್ರಮಾಣಿತ ಪಟ್ಟಿಯೊಂದಿಗೆ ಹೊಂದಿಸಿದರೆ ಮನೆ ನಂಬರ್ ಸರಿಯಾಗುತ್ತದೆ.

ಯಾವ ಪಟ್ಟಿಯೊಂದಿಗೆ ಹೊಂದಿಸಬೇಕು ಎಂಬಲ್ಲಿ ನಾನು ಎಡವಿದೆ. ಗಯಾ ಉಪಗ್ರಹದ ಪಟ್ಟಿ ಎಲ್ಲಕ್ಕಿಂತ ನಿಖರ ಎಂದು ಅದನ್ನೇ ಕೊಟ್ಟೆ. ಹೊಂದಿಕೆಯಾಗಲೇ ಇಲ್ಲ. ಗಯಾ ನೋಡಿದ್ದು ಕಣ್ಣಿನ ಬೆಳಕಿನಲ್ಲಿ, ನನ್ನ ಬಹುಪಾಲು ನಕ್ಷತ್ರಗಳು ದೂಳಿನ ಹಿಂದಿದ್ದವು. ಅದಕ್ಕೆ ಕಾಣದವರನ್ನು ನಾನು ಅದರ ಬಳಿ ವಿಚಾರಿಸುತ್ತಿದ್ದೆ. ಟೂಮಾಸ್ ಪಟ್ಟಿಗೆ ಬದಲಾಯಿಸಿದ ಕೂಡಲೇ ಎಲ್ಲವೂ ಕೂತಿತು. ಅರಿಜೋನಾದಲ್ಲಿ ಒಂದು, ಚಿಲಿಯಲ್ಲಿ ಒಂದು, ಕೇವಲ 1.3 ಮೀಟರಿನ ಎರಡು ದೂರದರ್ಶಕಗಳು 1997ರಿಂದ 2001ರವರೆಗೆ ಇಡೀ ಆಕಾಶವನ್ನು ಜೆ, ಎಚ್, ಕೆ ಪಟ್ಟಿಗಳಲ್ಲಿ ಅಳೆದ ಪಟ್ಟಿ ಅದು. ಒಂದೊಂದು ಜಾಗಕ್ಕೆ ಅವು ಕೊಟ್ಟ ಸಮಯ ಒಟ್ಟು 7.8 ಸೆಕೆಂಡ್ ಮಾತ್ರ. ಆದರೂ ಅವಕೆಂಪಿನವರೆಲ್ಲ ಸ್ಥಾನಕ್ಕೂ ಕಾಂತಿಮಾನಕ್ಕೂ ಇಂದಿಗೂ ಅದರ ಬಾಗಿಲು ತಟ್ಟುತ್ತಾರೆ.

8. ಡೀಫಾಲ್ಟ್ ಎಂಬುದು ಬೇರೆಯವರ ಅಭಿಪ್ರಾಯ

ಈ ಪಾಠಕ್ಕೆ ನಾನು ಹೆಚ್ಚು ಬೆಲೆ ತೆತ್ತಿದ್ದೇನೆ. ಚಿತ್ರಗಳನ್ನು ಒಂದೇ ಅಳತೆಗೆ ತಂದು ಕೂಡಿಸಲು ಸ್ವಾರ್ಪ್ ಬಳಸುತ್ತೇನೆ, ಸ್ಕ್ಯಾಂಪ್ ಮತ್ತು ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್ ಬರೆದ ಎಮ್ಯಾನುಯೆಲ್ ಬರ್ಟಿನ್ ಅವರದೇ ಕೈಯ ತಂತ್ರಾಂಶ. ಒಂದೇ ಸಾಲಿನ ಕಮ್ಯಾಂಡ್, ಕೆಲವೇ ನಿಮಿಷದಲ್ಲಿ ಚಿತ್ರ ಸಿದ್ಧ. ಮೊದಲ ಸಲ ಬಂದ ಚಿತ್ರ ಅದ್ಭುತವಾಗಿತ್ತು, ಹಿನ್ನೆಲೆ ರೇಷ್ಮೆಯಂತೆ ನುಣುಪು, ನಕ್ಷತ್ರಗಳು ಮುತ್ತಿನಂತೆ. ಸೆಮಿನಾರಿನಲ್ಲಿ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬರು ಮೆಲ್ಲಗೆ ಕೇಳಿದರು: “ಎಲ್ಲಾ ಚೆನ್ನಾಗಿದೆ, ನೀಹಾರಿಕೆ ಎಲ್ಲಿ?”

ಸ್ವಾರ್ಪ್‌ನಲ್ಲಿ ಹಿನ್ನೆಲೆ ಕಳೆಯುವ ಆಯ್ಕೆ ನೀವು ಹೇಳದಿದ್ದರೂ ‘ಹೌದು’ ಎಂದೇ ಇರುತ್ತದೆ. 128 ಪಿಕ್ಸೆಲ್‌ನ ಚೌಕಗಳಲ್ಲಿ ಹಿನ್ನೆಲೆಯನ್ನು ಅಳೆದು ಕಳೆಯುತ್ತದೆ. ದೂರದ ಗ್ಯಾಲಕ್ಸಿಗಳನ್ನು ಹುಡುಕುವವರಿಗೆ ಅದು ಸರಿ. ಆದರೆ ನನ್ನ ಚೌಕಟ್ಟಿನಲ್ಲಿ 128 ಪಿಕ್ಸೆಲ್‌ಗಿಂತ ಹರಡಿಕೊಂಡ ಯಾವ ಬೆಳಕೂ ಅದರ ಕಣ್ಣಿಗೆ ಹಿನ್ನೆಲೆಯೇ. ನೀಹಾರಿಕೆಯನ್ನು ಶ್ರದ್ಧೆಯಿಂದ ಕೆರೆದು ತೆಗೆದಿತ್ತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತಾಯಿತು. ಕಳೆಯುವುದೇ ಈ ವಿದ್ಯೆಯ ಜೀವಾಳ ಎಂದು ಹೊರಟವಳಿಗೆ ಏನನ್ನು ಕಳೆಯಬಾರದು ಎಂದು ತಿಳಿದದ್ದು ಅಂದು.

ಡೀಫಾಲ್ಟ್‌ಗೆ ಇನ್ನೂ ಎರಡು ವೇಷಗಳಿವೆ. ಐರಾಫ್ ನೀವು ಹಿಂದಿನ ಸಲ ಕೊಟ್ಟ ಆಯ್ಕೆಗಳನ್ನು ನೆನಪಿಟ್ಟುಕೊಂಡು ಈ ಸಲವೂ ಸುಮ್ಮನೆ ಹಚ್ಚುತ್ತದೆ. ಹೋದ ತಿಂಗಳ ಆಯ್ಕೆ ಈ ತಿಂಗಳ ಡೇಟಾಗೆ ಅಂಟಿಕೊಳ್ಳುತ್ತದೆ. ಅದಕ್ಕೇ ನನ್ನ ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲು ‘ಅನ್‌ಲರ್ನ್’, ಕಲಿತದ್ದನ್ನು ಮರೆ ಎಂಬ ಕಮ್ಯಾಂಡ್. ಮನುಷ್ಯರಿಗೂ ಇಂಥದ್ದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ. ಎರಡನೆಯದು, ಸ್ಕ್ಯಾಂಪ್ ಬರೆದಿಟ್ಟ ‘ಹೆಡ್’ ಕಡತ. ಚಿತ್ರದ ಪಕ್ಕದಲ್ಲಿ ಅದೇ ಹೆಸರಿನ ಹಳೆಯ ಹೆಡ್ ಕಡತ ಉಳಿದಿದ್ದರೆ, ಚಿತ್ರದ ಹೆಡರಿನಲ್ಲಿ ನೀವು ಎಷ್ಟೇ ತಿದ್ದಿದರೂ ಸ್ವಾರ್ಪ್ ಆ ಹಳೆಯದರ ಮಾತನ್ನೇ ಕೇಳುತ್ತದೆ.

9. ಎಲ್ಲ ಫ್ರೇಮೂ ಸಮಾನವಲ್ಲ

ಫ್ರೇಮ್‌ಗಳ ಸಂಖ್ಯೆ ಹೆಚ್ಚಿದಷ್ಟೂ ನಾಯ್ಸ್ ಅದರ ವರ್ಗಮೂಲದಷ್ಟು ತಗ್ಗುತ್ತದೆ. ಒಂಬತ್ತು ಫ್ರೇಮ್ ಕೂಡಿಸಿದರೆ ಮೂರು ಪಟ್ಟು, ಇಪ್ಪತ್ತೈದಕ್ಕೆ ಐದು ಪಟ್ಟು. ಈ ಲೆಕ್ಕ ಕಲಿತವರಿಗೆ ಒಂದು ಫ್ರೇಮನ್ನೂ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಅದು ಎಲ್ಲ ಫ್ರೇಮೂ ಒಂದೇ ಗುಣದವಾಗಿದ್ದಾಗಿನ ಲೆಕ್ಕ. ನಕ್ಷತ್ರದ ಅಗಲ ಒಂದು ಆರ್ಕ್‌ಸೆಕೆಂಡ್ ಇರುವ ಫ್ರೇಮ್‌ಗಳ ನಡುವೆ ಎರಡೂವರೆ ಆರ್ಕ್‌ಸೆಕೆಂಡಿನದ್ದನ್ನು ಸೇರಿಸಿದರೆ ಮಂಕು ನಕ್ಷತ್ರಗಳಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಅಜ್ಜಿ ಅಕ್ಕಿ ಆರಿಸುವಾಗ ಮೊರದಲ್ಲಿ ಹರವಿಕೊಂಡು ಒಂದೊಂದೇ ಕಲ್ಲು ಎತ್ತುತ್ತಿದ್ದಳು, ಮುಷ್ಟಿ ಅಕ್ಕಿ ಹೋದರೂ ಚಿಂತೆ ಮಾಡುತ್ತಿರಲಿಲ್ಲ. ನಾನೂ ಪ್ರತಿ ಫ್ರೇಮಿನ ಮೂರು ಅಂಕಿಗಳನ್ನು ಒಂದು ಪಟ್ಟಿಯಲ್ಲಿ ಹರವಿಕೊಳ್ಳುತ್ತೇನೆ: ನಕ್ಷತ್ರದ ಅಗಲ, ಆಕಾಶದ ಮಟ್ಟ, ಗುರುತಿಟ್ಟ ಹತ್ತು ನಕ್ಷತ್ರಗಳ ಬೆಳಕು. ಮೂರನೆಯದು ಇದ್ದಕ್ಕಿದ್ದಂತೆ ಕುಸಿದರೆ ತೆಳುಮೋಡ ಹಾದಿದೆ ಎಂದರ್ಥ. ಆಮೇಲೆ ಡಿಎಸ್‌9ನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಮಿಟುಕಿಸಿ ಕಣ್ಣಾರೆ ನೋಡುತ್ತೇನೆ.

ಸರಾಸರಿಯೋ ಮಧ್ಯಾಂಕವೋ? ಮಧ್ಯಾಂಕ ಕಸವನ್ನು ಸುಲಭವಾಗಿ ಎಸೆಯುತ್ತದೆ, ಆದರೆ ಅದರ ನಾಯ್ಸ್ ಸರಾಸರಿಗಿಂತ ಸುಮಾರು ನೂರಕ್ಕೆ 25ರಷ್ಟು ಹೆಚ್ಚು. ಫ್ರೇಮ್‌ಗಳು ಸಾಕಷ್ಟಿದ್ದರೆ, ಮಿತಿ ಮೀರಿದ ಪಿಕ್ಸೆಲ್‌ಗಳನ್ನು ಮೊದಲು ಕತ್ತರಿಸಿ ಉಳಿದವಕ್ಕೆ ತೂಕ ಕೊಟ್ಟ ಸರಾಸರಿ ತೆಗೆಯುವುದು ನನ್ನ ರೂಢಿ. ಕತ್ತರಿ ಹರಿತವಾದರೂ ಕಷ್ಟ. ಫ್ರೇಮಿನಿಂದ ಫ್ರೇಮಿಗೆ ಅಗಲ ಬದಲಾಗುವಾಗ ಅದು ನಿಜವಾದ ನಕ್ಷತ್ರದ ತುದಿಯನ್ನೇ ಕಸವೆಂದು ಕತ್ತರಿಸುತ್ತದೆ. ಎಸೆದ ಪಿಕ್ಸೆಲ್‌ಗಳ ನಕ್ಷೆಯನ್ನು ಉಳಿಸಿಕೊಂಡು ನೋಡಿ. ಅದರಲ್ಲಿ ನಕ್ಷತ್ರಗಳ ಆಕಾರ ಕಂಡರೆ ಕತ್ತರಿಯನ್ನು ಸಡಿಲಿಸಿ.

10. ನುಣುಪಿಗೆ ಮರುಳಾಗಬೇಡಿ

ಫ್ರೇಮ್‌ಗಳನ್ನು ಹೊಂದಿಸುವಾಗ ಪಿಕ್ಸೆಲ್‌ಗಳನ್ನು ಅರೆಬರೆ ಸರಿಸಬೇಕಾಗುತ್ತದೆ, ಒಂದರ ಬೆಳಕು ನೆರೆಯವರಿಗೂ ಹಂಚಿಹೋಗುತ್ತದೆ. ಹಾಗಾಗಿ ಕೊನೆಯ ಚಿತ್ರದಲ್ಲಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಏರಿಳಿತ ಕಡಿಮೆ ಕಾಣುತ್ತದೆ. ಎಂಟು ಜನರನ್ನು ವಿಚಾರಿಸಿದೆ, ಎಂಟೂ ಜನ ಒಂದೇ ಮಾತು ಹೇಳಿದರು ಎಂದು ನಂಬಿ, ಆಮೇಲೆ ಎಂಟೂ ಜನ ಒಂದೇ ಮನೆಯವರೆಂದು ತಿಳಿದಂತೆ. ಆ ಏರಿಳಿತವನ್ನೇ ನಾಯ್ಸ್ ಎಂದು ಬರೆದರೆ ನಿಮ್ಮ ಅಳತೆ ಇರುವುದಕ್ಕಿಂತ ನಿಖರವಾಗಿ ಕಾಣುತ್ತದೆ.

ನಾನು ಖಾಲಿ ಜಾಗಗಳಲ್ಲಿ ನಕ್ಷತ್ರದ ಅಳತೆಯದೇ ನೂರಾರು ಬಳೆಗಳನ್ನು ಇಟ್ಟು, ಒಳಗಿನ ಮೊತ್ತ ಬಳೆಯಿಂದ ಬಳೆಗೆ ಎಷ್ಟು ಏರುಪೇರಾಗುತ್ತದೆ ಎಂದು ನೋಡುತ್ತೇನೆ. ಅದು ನಿಜವಾದ ನಾಯ್ಸ್. ಅದಕ್ಕಿಂತ ಕಠಿಣವಾದ ಪರೀಕ್ಷೆಯೂ ಉಂಟು. ಕಚ್ಚಾ ಫ್ರೇಮ್‌ಗಳಲ್ಲೇ ಗೊತ್ತಿರುವ ಬೆಳಕಿನ ನಕಲಿ ನಕ್ಷತ್ರಗಳನ್ನು ನೆಟ್ಟು, ಇಡೀ ಸರಣಿಯನ್ನು ಮೊದಲಿನಿಂದ ಓಡಿಸಿ, ಕೊನೆಯಲ್ಲಿ ಎಷ್ಟು ಮಂದಿ ಎಷ್ಟು ಬೆಳಕಿನೊಂದಿಗೆ ಹಿಂದಿರುಗಿದರು ಎಂದು ಎಣಿಸುವುದು. ನಾನು ಮೊದಲ ಸಲ ಮಾಡಿದಾಗ ಮಂಕು ನಕ್ಷತ್ರಗಳೆಲ್ಲ ತುಸು ಬೆಳಕು ಕಳೆದುಕೊಂಡು ಬಂದವು. ಆರನೆಯ ಪಾಠದ ಗುಳಿಗಳು ಸಿಕ್ಕಿಬಿದ್ದದ್ದು ಹೀಗೆ.

11. ಬೇರೆ ದೂರದರ್ಶಕದವರನ್ನು ಸೇರಿಸುವಾಗ ಮಾನ ನೋಡಿ

ಹಾನ್ಲೆಯ ಕೆ ಪಟ್ಟಿಯ ಪಕ್ಕದಲ್ಲಿ ಸ್ಪಿಟ್ಜರ್‌ನ 3.6 ಮೈಕ್ರಾನ್ ಚಿತ್ರವನ್ನು ಇಟ್ಟು, ಎರಡರ ಅನುಪಾತ ತೆಗೆಯುವ ಆಸೆಯಾಯಿತು. 2003ರಲ್ಲಿ ಹಾರಿ 2020ರ ಜನವರಿಯಲ್ಲಿ ನಿವೃತ್ತವಾದ, 85 ಸೆಂಟಿಮೀಟರ್ ಕನ್ನಡಿಯ ದೂರದರ್ಶಕ ಅದು. ಅದರ ಬಿಡಿ ಫ್ರೇಮ್‌ಗಳನ್ನು ಜೋಡಿಸಲು ಮೋಪೆಕ್ಸ್ ಎಂಬ ಟರ್ಮಿನಲ್ ತಂತ್ರಾಂಶ ಇದೆ. ಚಿತ್ರಗಳ ಪಟ್ಟಿ, ಅನಿಶ್ಚಿತತೆಯ ಪಟ್ಟಿ, ಮಾಸ್ಕ್‌ಗಳ ಪಟ್ಟಿ, ಹೀಗೆ ಮೂರು ಪಟ್ಟಿ ಕೊಟ್ಟರೆ ಮೋಪೆಕ್ಸ್ ಫ್ರೇಮ್‌ಗಳ ಹಿನ್ನೆಲೆಯನ್ನು ಸರಿದೂಗಿಸಿ, ಕಸ ಹೆಕ್ಕಿ, ಒಂದು ಚಿತ್ರ ಕೊಡುತ್ತದೆ.

ಅದರಲ್ಲಿ ಒಂದು ಪಿಕ್ಸೆಲ್ 0.6 ಆರ್ಕ್‌ಸೆಕೆಂಡ್. ಹಾನ್ಲೆಯ 0.3ಕ್ಕೆ ತರಲು ಸ್ವಾರ್ಪ್‌ಗೆ ಕೊಟ್ಟೆ. ಬಂದ ಅನುಪಾತದಲ್ಲಿ 3.6 ಮೈಕ್ರಾನಿನ ನೀಹಾರಿಕೆ ನಿರೀಕ್ಷಿಸಿದ್ದರ ಕಾಲು ಭಾಗವೇ ಇತ್ತು. ದೂಳಿನ ಕಣಗಳ ಗುಣ ಇಲ್ಲಿ ವಿಚಿತ್ರವಾಗಿದೆ ಎಂದು ಅರ್ಧ ಪುಟ ಭೌತಶಾಸ್ತ್ರವನ್ನೂ ಬರೆದೆ. ವಿಚಿತ್ರವಾಗಿದ್ದದ್ದು ನನ್ನ ಕಮ್ಯಾಂಡ್. ಸ್ಪಿಟ್ಜರ್‌ನ ಅಂಕಿಗಳು ‘ಆಕಾಶದ ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಬೆಳಕು’ ಎಂಬ ಮಾನದಲ್ಲಿವೆ. ಗದ್ದೆಯನ್ನು ನಾಲ್ಕು ಭಾಗ ಮಾಡಿದರೆ ಎಕರೆಗೆ ಇಷ್ಟು ಚೀಲ ಎಂಬ ಇಳುವರಿ ಬದಲಾಗುವುದಿಲ್ಲ. ಸ್ವಾರ್ಪ್ ಮಾತ್ರ, ಬೇರೆ ಹೇಳದಿದ್ದರೆ, ಪಿಕ್ಸೆಲ್‌ನಲ್ಲಿರುವುದು ಒಟ್ಟು ಬೆಳಕೆಂದು ಭಾವಿಸಿ ನಾಲ್ಕು ಮಕ್ಕಳಿಗೆ ಪಾಲು ಹಂಚುತ್ತದೆ. ಆ ಹಂಚಿಕೆಯನ್ನು ನಿಲ್ಲಿಸುವ ಆಯ್ಕೆ ಇದೆ, ನಾನು ಓದಿರಲಿಲ್ಲ.

ಮಸುಕಿನ ಲೆಕ್ಕ ಬೇರೆ. ಸ್ಪಿಟ್ಜರ್‌ನ ನಕ್ಷತ್ರ ಸುಮಾರು 1.7 ಆರ್ಕ್‌ಸೆಕೆಂಡ್ ಅಗಲ, 40 ಸೆಂಟಿಮೀಟರ್ ಕನ್ನಡಿಯ ವೈಸ್ ಉಪಗ್ರಹದ್ದು ಸುಮಾರು 6. ಅನುಪಾತ ತೆಗೆಯುವ ಮೊದಲು ಸ್ಪಷ್ಟವಾಗಿರುವ ಚಿತ್ರವನ್ನು ಮಸುಕಾದದ್ದರ ಮಟ್ಟಕ್ಕೆ ಇಳಿಸಲೇಬೇಕು. ಕಷ್ಟಪಟ್ಟು ಪಡೆದ ಸ್ಪಷ್ಟತೆಯನ್ನು ಕೈಯಾರೆ ಕಳೆಯುವಾಗ ಹೊಟ್ಟೆ ಉರಿಯುತ್ತದೆ. ಕಳೆಯದಿದ್ದರೆ ಪ್ರತಿ ನಕ್ಷತ್ರದ ಸುತ್ತಲೂ ಇಲ್ಲದ ಉಂಗುರ ಮೂಡುತ್ತದೆ.

12. ಚಿತ್ರವನ್ನಲ್ಲ, ಸ್ಕ್ರಿಪ್ಟನ್ನು ಕಾಪಾಡಿ

ಒಂದು ಸಂಜೆ ಬಸ್ಸಿನ ಅವಸರದಲ್ಲಿ ತಾತ್ಕಾಲಿಕ ಫೈಲುಗಳನ್ನು ಅಳಿಸಲು ಹೊರಟು, ನಕ್ಷತ್ರ ಚಿಹ್ನೆಗೂ ಮುಂದಿನ ಚುಕ್ಕೆಗೂ ನಡುವೆ ಒಂದು ಖಾಲಿ ಜಾಗ ಬಿಟ್ಟೆ. ಕಂಪ್ಯೂಟರ್ ಅದನ್ನು ‘ಎಲ್ಲವನ್ನೂ ಅಳಿಸು’ ಎಂದು ಓದಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ನಾನೇ ಚಿತ್ರಪಟವಾದೆ. ಕಚ್ಚಾ ಫೈಲುಗಳು ಬೇರೆ ಡಿಸ್ಕಿನಲ್ಲಿ, ಬರೆಯಲಾಗದಂತೆ ಬೀಗ ಹಾಕಿದ ಫೋಲ್ಡರಿನಲ್ಲಿ ಇದ್ದವು. ಆದರೆ ಮೂರು ತಿಂಗಳು ಒಂದೊಂದಾಗಿ ಟೈಪ್ ಮಾಡಿದ ಕಮ್ಯಾಂಡುಗಳು ಎಲ್ಲೂ ಇರಲಿಲ್ಲ. ಎರಡನೆಯ ಸಲ ಮಾಡುವಾಗ ಪ್ರತಿ ಸಾಲನ್ನೂ ಸ್ಕ್ರಿಪ್ಟಾಗಿ ಬರೆದೆ, ಯಾಕೆ ಎಂಬುದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆದೆ. ಮೂರು ತಿಂಗಳ ಕೆಲಸ ಒಂಬತ್ತು ದಿನಕ್ಕೆ ಮುಗಿಯಿತು.

ತಂತ್ರಾಂಶಗಳು ಮುಪ್ಪಾಗುತ್ತವೆ. ಅಮೆರಿಕದ ಟೂಸಾನ್‌ನಲ್ಲಿ ಹುಟ್ಟಿ ಒಂದೆರಡು ತಲೆಮಾರಿನ ಖಗೋಳಜ್ಞರನ್ನು ಸಾಕಿದ ಐರಾಫ್‌ಗೆ 2013ರಲ್ಲಿ ಅಧಿಕೃತ ಬೆಂಬಲ ನಿಂತಿತು, ಬಳಕೆದಾರರೇ ಅದನ್ನು ಉಸಿರಾಡಿಸುತ್ತಿದ್ದಾರೆ. ಈಗಿನ ಮಕ್ಕಳು ಪೈಥಾನ್‌ನಲ್ಲಿ ಬರೆಯುತ್ತಾರೆ. ಯಾವುದರಲ್ಲಿ ಬರೆದರೂ ಏನನ್ನು, ಯಾವ ಕ್ರಮದಲ್ಲಿ, ಯಾಕೆ ಕಳೆದೆವು ಎಂಬುದು ಅಕ್ಷರದಲ್ಲಿ ಉಳಿದರೆ ಸಾಕು.

ಕಳೆದ ವರ್ಷ ಹೊಸದಾಗಿ ಸೇರಿದ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ಬಂದ. “ಅಕ್ಕಾ, ಕೊನೆಯ ಚಿತ್ರ ಒಂದು ಕೊಟ್ರೆ ಸಾಕಿತ್ತು.” ನಾನು ಅರವತ್ತು ಸಾಲಿನ ಪಠ್ಯ ಕಡತವನ್ನೂ ಕಚ್ಚಾ ಫ್ರೇಮ್‌ಗಳ ಜಾಗವನ್ನೂ ಕೊಟ್ಟೆ. ಅವನ ಮುಖ ಸಪ್ಪಗಾಯಿತು. ವಾರದ ನಂತರ ಮತ್ತೆ ಬಂದ. ಮೂವತ್ತೊಂದನೆಯ ಸಾಲಿನಲ್ಲಿ ಎರಡು ಫ್ರೇಮ್‌ಗಳನ್ನು ಬಿಟ್ಟಿದ್ದೆ, ಪಕ್ಕದಲ್ಲಿ ‘ಮೋಡ’ ಎಂದಷ್ಟೇ ಬರೆದಿದ್ದೆ. ಅವನಿಗೆ ನಂಬಿಕೆ ಬಂದಿರಲಿಲ್ಲ. ಅವೆರಡನ್ನೂ ಸೇರಿಸಿ ಇಡೀ ಸರಣಿಯನ್ನು ಓಡಿಸಿದ್ದಾನೆ, ಗುರುತಿಟ್ಟ ಹತ್ತು ನಕ್ಷತ್ರಗಳ ಬೆಳಕು ಕುಸಿದದ್ದನ್ನು ಕಂಡಿದ್ದಾನೆ, ಮತ್ತೆ ಬಿಟ್ಟಿದ್ದಾನೆ.

“ಮೋಡಾನೇ ಅಕ್ಕಾ” ಅಂದ.